ಮಗು ಹೆಣ್ಣಾದರೆ 'ತಪ್ಪು' ಯಾರದ್ದು? ಕ್ರೋಮೋಸೋಮ್, ಜೀನ್, ಅನುವಂಶೀಯತೆ: ಗೊತ್ತಿರಬೇಕಾದ ಸಂಗತಿಗಳು

2023ರ ಕೊನೆಯಲ್ಲಿ ಇಡೀ ರಾಜ್ಯವನ್ನು ಬೆಚ್ಚಿಬೀಳಿಸಿದ ಸುದ್ದಿ ನೆನಪಿರಬಹುದು. ಇಂದಿರಾನಗರಕ್ಕೂ ಕೆ.ಆರ್. ಪುರಕ್ಕೂ ನಡುವೆ ಇರುವ ಬೈಯಪ್ಪನಹಳ್ಳಿ ಠಾಣೆಯ ಪೊಲೀಸರು ಹೆಣ್ಣುಭ್ರೂಣ ಹತ್ಯೆಯ ಜಾಲವೊಂದನ್ನು ಭೇದಿಸಿದರು. ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣದ ಲಿಂಗ ಪತ್ತೆ ಮಾಡಲಾಗುತ್ತಿತ್ತು, ಹೆಣ್ಣು ಎಂದಾದರೆ ಗರ್ಭಪಾತ ಮಾಡಿಸಲಾಗುತ್ತಿತ್ತು ಎಂಬುದು ಆರೋಪ. ಮೂರು ವರ್ಷಗಳಲ್ಲಿ ಸುಮಾರು 900 ಗರ್ಭಪಾತ ನಡೆದಿರಬಹುದು ಎಂದು ಪೊಲೀಸರು ಆಗ ಹೇಳಿದ್ದರು. ನಂತರ ತನಿಖೆ ಸಿಐಡಿಗೆ ಹೋಯಿತು.

ಆ ವಾರ ಟಿವಿ ಚರ್ಚೆಗಳಲ್ಲಿ ಕಾನೂನು, ವೈದ್ಯರು, ಏಜೆಂಟರು ಎಲ್ಲರ ಬಗ್ಗೆಯೂ ಮಾತು ನಡೆಯಿತು. ಒಂದು ಸಂಗತಿಯನ್ನು ಮಾತ್ರ ಯಾರೂ ಸರಿಯಾಗಿ ಬಿಡಿಸಿ ಹೇಳಲಿಲ್ಲ. 'ಗಂಡು ಹೆತ್ತುಕೊಡಲಿಲ್ಲ' ಅಂತ ಸೊಸೆಯ ಮೇಲೆ ಹೊರಿಸುವ ದೂರು ಜೀವವಿಜ್ಞಾನದ ಮೊದಲ ಪಾಠದಲ್ಲೇ ಬಿದ್ದುಹೋಗುತ್ತದೆ.

ನಾನು ಎಂಜಿನಿಯರಿಂಗ್ ಓದಿದವನು. ಪಿಯುಸಿಯಲ್ಲಿ ಬಯಾಲಜಿ ಬಿಟ್ಟು ಎಲೆಕ್ಟ್ರಾನಿಕ್ಸ್ ತಗೊಂಡಿದ್ದೆ. ಹಾಗಾಗಿ ನನ್ನ ಜೀವವಿಜ್ಞಾನ ಎಸ್ಸೆಸ್ಸೆಲ್ಸಿಯ ಮೆಂಡೆಲ್ ಮತ್ತು ಅವನ ಬಟಾಣಿ ಗಿಡದಲ್ಲೇ ನಿಂತುಹೋಗಿತ್ತು. ನಿಮ್ಮಲ್ಲಿ ಅನೇಕರ ಕತೆಯೂ ಇದೇ ಅಂದುಕೊಂಡಿದ್ದೇನೆ. ಆದರೆ 'ರಕ್ತ', 'ವಂಶ', 'ಜೀನ್' ಎಂಬ ಮಾತುಗಳು ಮದುವೆ ಮಾತುಕತೆಯಿಂದ ಹಿಡಿದು ಮೀಸಲಾತಿ ಜಗಳದವರೆಗೆ ಎಲ್ಲ ಕಡೆ ಓಡಾಡುತ್ತಿರುವಾಗ, ಅವುಗಳ ನಿಜವಾದ ಅರ್ಥ ಗೊತ್ತಿರುವುದು ಒಳ್ಳೆಯದು. ಮೊದಲಿನಿಂದಲೇ ಶುರು ಮಾಡೋಣ.

ಕ್ರೋಮೋಸೋಮ್ ಅಂದರೆ ಏನು? ಜೀನ್ ಅಂದರೆ ಏನು?

ನಮ್ಮ ದೇಹ ಕೋಟ್ಯಂತರ ಜೀವಕೋಶಗಳಿಂದ ಆಗಿದೆ. ಬಹುತೇಕ ಪ್ರತಿ ಕೋಶದ ಒಳಗೂ ಒಂದು ಕೋಶಕೇಂದ್ರ ಇರುತ್ತದೆ. ಅದರೊಳಗೆ ಡಿಎನ್‌ಎ ಎಂಬ ಅತಿ ತೆಳುವಾದ ಎಳೆ ಇದೆ. ಒಂದೇ ಕೋಶದ ಡಿಎನ್‌ಎಯನ್ನು ಬಿಚ್ಚಿ ಉದ್ದಕ್ಕೆ ಹಿಡಿದರೆ ಸುಮಾರು 2 ಮೀಟರ್ ಆಗುತ್ತದೆ. ಇಷ್ಟುದ್ದದ ದಾರ ಕಣ್ಣಿಗೆ ಕಾಣದಷ್ಟು ಸಣ್ಣ ಜಾಗದಲ್ಲಿ ಹಿಡಿಸಬೇಕಾದರೆ ಸುರುಳಿ ಸುತ್ತಲೇಬೇಕು. ಹಾಗೆ ಸುತ್ತಿಕೊಂಡ ಉಂಡೆಗಳೇ ಕ್ರೋಮೋಸೋಮ್‌ಗಳು.

ಕನ್ನಡ ಪಠ್ಯಪುಸ್ತಕದಲ್ಲಿ ಇದಕ್ಕೆ 'ವರ್ಣತಂತು' ಎಂದಿದೆ. ಪ್ರಯೋಗಾಲಯದಲ್ಲಿ ಬಣ್ಣ ಹಾಕಿದಾಗ ಇವು ಆ ಬಣ್ಣವನ್ನು ಚೆನ್ನಾಗಿ ಹೀರಿಕೊಂಡು ಎದ್ದು ಕಾಣುತ್ತವೆ, ಅದಕ್ಕೇ ಈ ಹೆಸರು. ಇಲ್ಲಿ ವರ್ಣ ಅಂದರೆ ಬರೀ ಬಣ್ಣ. ವರ್ಣಾಶ್ರಮಕ್ಕೂ ಇದಕ್ಕೂ ಸಂಬಂಧವಿಲ್ಲ!

ಮನುಷ್ಯನ ಕೋಶದಲ್ಲಿ 46 ಕ್ರೋಮೋಸೋಮ್‌ಗಳು, ಅಂದರೆ 23 ಜೋಡಿ. ಪ್ರತಿ ಜೋಡಿಯಲ್ಲಿ ಒಂದು ಅಮ್ಮನಿಂದ, ಇನ್ನೊಂದು ಅಪ್ಪನಿಂದ ಬಂದದ್ದು. ಈ ಸಂಖ್ಯೆ 46 ಎಂದು ಖಚಿತವಾಗಿ ಪ್ರಕಟವಾದದ್ದು 1956ರಲ್ಲಿ. ಅಲ್ಲಿಯವರೆಗೆ 48 ಎಂದೇ ಪುಸ್ತಕಗಳಲ್ಲಿ ಇತ್ತು.

ಡಿಎನ್‌ಎಯ ಉದ್ದಕ್ಕೂ ನಾಲ್ಕೇ ನಾಲ್ಕು ರಾಸಾಯನಿಕ 'ಅಕ್ಷರ'ಗಳ ಸಾಲು ಇದೆ. ಒಂದು ಸೆಟ್‌ನಲ್ಲಿ, ಅಂದರೆ 23 ಕ್ರೋಮೋಸೋಮ್‌ಗಳಲ್ಲಿ, ಸುಮಾರು 300 ಕೋಟಿ ಅಕ್ಷರಗಳು. ಎಂಜಿನಿಯರ್ ಲೆಕ್ಕ ಹಾಕಿದರೆ ಇದು ಹೆಚ್ಚುಕಡಿಮೆ 750 ಎಂಬಿ, ಹಿಂದೆ ಸಿನಿಮಾ ತುಂಬಿಸಿಕೊಳ್ಳುತ್ತಿದ್ದ ಒಂದು ಸಿಡಿಯಷ್ಟು. ಈ ಸಾಲಿನಲ್ಲಿ ಒಂದು ನಿರ್ದಿಷ್ಟ ಕೆಲಸಕ್ಕೆ ಸೂಚನೆ ಕೊಡುವ ತುಂಡೇ ಜೀನ್ ಅಥವಾ ವಂಶವಾಹಿ. ಬಹಳಷ್ಟು ಜೀನ್‌ಗಳ ಕೆಲಸ ಯಾವುದೋ ಒಂದು ಪ್ರೋಟೀನನ್ನು ಹೇಗೆ ಮಾಡಬೇಕು ಎಂದು ಹೇಳುವುದು. ಅಂತಹ ಜೀನ್‌ಗಳು ನಮ್ಮಲ್ಲಿ ಸುಮಾರು 20,000 ಇವೆ.

ಅಡುಗೆಮನೆಯ ಭಾಷೆಯಲ್ಲಿ ಹೇಳುವುದಾದರೆ, ಕ್ರೋಮೋಸೋಮ್ ಒಂದು ಅಡುಗೆ ಪುಸ್ತಕ, ಜೀನ್ ಅದರೊಳಗಿನ ಒಂದು ಅಡುಗೆಯ ವಿಧಾನ. ಪ್ರತಿ ಅಡುಗೆಗೂ ನಮ್ಮ ಬಳಿ ಎರಡು ಪ್ರತಿ ಇವೆ. ಅಮ್ಮನ ಮನೆಯ ಸಾರು, ಅಪ್ಪನ ಮನೆಯ ಸಾರು. ಎರಡರಲ್ಲೂ ಸಣ್ಣಪುಟ್ಟ ವ್ಯತ್ಯಾಸ ಇರಬಹುದು.

ಇನ್ನೊಂದು ಮಾತು. ನಾವು 'ರಕ್ತ ಸಂಬಂಧ' ಅನ್ನುತ್ತೇವೆ. ಆದರೆ ರಕ್ತಕ್ಕೆ ಕೆಂಪು ಬಣ್ಣ ಕೊಡುವ ಕೆಂಪು ರಕ್ತಕಣಗಳಲ್ಲಿ ಕೋಶಕೇಂದ್ರವೇ ಇರುವುದಿಲ್ಲ. ಅಂದರೆ ಅವುಗಳಲ್ಲಿ ಕ್ರೋಮೋಸೋಮ್ ಇಲ್ಲ. ವಂಶ ಮುಂದುವರಿಯುವುದು ಅಂಡಾಣು, ವೀರ್ಯಾಣುಗಳ ಮೂಲಕ. ರಕ್ತಕ್ಕೆ ಅದರಲ್ಲಿ ಪಾತ್ರವೇ ಇಲ್ಲ.

ಒಂದೇ ತಂದೆ ತಾಯಿಯ ಮಕ್ಕಳು ಬೇರೆ ಬೇರೆ ಥರ ಯಾಕೆ?

ಅಂಡಾಣು ಅಥವಾ ವೀರ್ಯಾಣು ತಯಾರಾಗುವಾಗ 46 ಕ್ರೋಮೋಸೋಮ್‌ಗಳು ಅರ್ಧಕ್ಕೆ ಇಳಿಯುತ್ತವೆ. ಪ್ರತಿ ಜೋಡಿಯಿಂದ ಒಂದೊಂದು ಮಾತ್ರ ಒಳಗೆ ಹೋಗುತ್ತದೆ. ಯಾವುದು ಹೋಗುತ್ತದೆ ಎಂಬುದು ನಾಣ್ಯ ಚಿಮ್ಮಿದ ಹಾಗೆ. 23 ಸಲ ನಾಣ್ಯ ಚಿಮ್ಮಿದರೆ ಸಾಧ್ಯವಿರುವ ಜೋಡಣೆಗಳು 83,88,608. ಹತ್ತಿರ ಹತ್ತಿರ 84 ಲಕ್ಷ! ಎಂಬತ್ತನಾಲ್ಕು ಲಕ್ಷ ಜೀವರಾಶಿ ಎಂಬ ಹಳೆಯ ಮಾತಿಗೂ ಇದಕ್ಕೂ ನಂಟಿಲ್ಲ, ಬರೀ ಕಾಕತಾಳೀಯ. ಆದರೆ ನೆನಪಿಟ್ಟುಕೊಳ್ಳಲು ಸುಲಭ.

ಇದು ಒಬ್ಬರ ಕಡೆಯ ಲೆಕ್ಕ ಮಾತ್ರ. ಇನ್ನೊಬ್ಬರ ಕಡೆಯಿಂದಲೂ ಅಷ್ಟೇ. ಸಾಲದ್ದಕ್ಕೆ, ಜೋಡಿ ಕ್ರೋಮೋಸೋಮ್‌ಗಳು ಬೇರೆಯಾಗುವ ಮುಂಚೆ ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಹಾಗಾಗಿ ಒಂದೇ ಮನೆಯ ಅಣ್ಣ ತಂಗಿ ಬೇರೆ ಬೇರೆ ಥರ ಇರುವುದರಲ್ಲಿ ಆಶ್ಚರ್ಯವಿಲ್ಲ.

ಹೆಣ್ಣೋ ಗಂಡೋ: ತೀರ್ಮಾನ ಎಲ್ಲಿ ಆಗುತ್ತೆ?

ಈಗ ಬೈಯಪ್ಪನಹಳ್ಳಿಯ ಪ್ರಕರಣಕ್ಕೆ ಬರೋಣ. 23 ಜೋಡಿಗಳಲ್ಲಿ ಕೊನೆಯ ಜೋಡಿ ಲಿಂಗಕ್ಕೆ ಸಂಬಂಧಿಸಿದ್ದು. ಸಾಮಾನ್ಯವಾಗಿ ಹೆಣ್ಣಿನಲ್ಲಿ ಎರಡು ಎಕ್ಸ್, ಗಂಡಿನಲ್ಲಿ ಒಂದು ಎಕ್ಸ್ ಒಂದು ವೈ. ತಾಯಿಯ ಬಳಿ ಕೊಡಲು ಇರುವುದೇ ಎಕ್ಸ್. ಆಕೆಯ ಎಲ್ಲ ಅಂಡಾಣುಗಳಲ್ಲೂ ಅದೇ ಇರುತ್ತದೆ. ತಂದೆಯ ವೀರ್ಯಾಣುಗಳಲ್ಲಿ ಹೆಚ್ಚುಕಡಿಮೆ ಅರ್ಧ ಎಕ್ಸ್ ಹೊತ್ತವು, ಇನ್ನರ್ಧ ವೈ ಹೊತ್ತವು. ಎಕ್ಸ್ ಹೊತ್ತದ್ದು ಅಂಡಾಣುವನ್ನು ಸೇರಿದರೆ ಹೆಣ್ಣು, ವೈ ಹೊತ್ತದ್ದು ಸೇರಿದರೆ ಗಂಡು. 1905ರಲ್ಲೇ ಅಮೆರಿಕದ ನೆಟ್ಟಿ ಸ್ಟೀವನ್ಸ್ ಎಂಬ ವಿಜ್ಞಾನಿ ಹಿಟ್ಟಿನ ಹುಳುಗಳನ್ನು ಪರೀಕ್ಷಿಸಿ ಲಿಂಗ ನಿರ್ಧಾರದಲ್ಲಿ ವೈ ಕ್ರೋಮೋಸೋಮ್ ಪಾತ್ರವನ್ನು ತೋರಿಸಿದ್ದರು.

ಅಂದರೆ ವ್ಯತ್ಯಾಸ ತರುವ ಕ್ರೋಮೋಸೋಮ್ ಬರುವುದು ತಂದೆಯ ಕಡೆಯಿಂದ. ಹಾಗಂತ ಈಗ ಗಂಡನನ್ನು ಬೈಯಬೇಕೇ? ಅದೂ ತಪ್ಪು. ಯಾವ ವೀರ್ಯಾಣು ಮೊದಲು ತಲುಪುತ್ತದೆ ಎಂಬುದು ಅವನ ಕೈಯಲ್ಲೂ ಇಲ್ಲ. ಮೂರು ಹೆಣ್ಣಾದ ಮೇಲೆ ನಾಲ್ಕನೆಯದ್ದು ಗಂಡಾಗುವ ಸಾಧ್ಯತೆ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಪ್ರತಿ ಬಸಿರೂ ಹೊಸದಾಗಿ ಚಿಮ್ಮಿದ ನಾಣ್ಯ.

ಎಲ್ಲರೂ ಈ ಎರಡು ಡಬ್ಬಿಗಳಲ್ಲೇ ಹಿಡಿಸುವುದಿಲ್ಲ ಎಂಬುದೂ ಗೊತ್ತಿರಲಿ. ಒಂದೇ ಎಕ್ಸ್ ಇರುವ ಹೆಣ್ಣುಮಕ್ಕಳಿದ್ದಾರೆ, ಅದಕ್ಕೆ ಟರ್ನರ್ ಸಿಂಡ್ರೋಮ್ ಎನ್ನುತ್ತಾರೆ. ಎರಡು ಎಕ್ಸ್ ಜೊತೆ ಒಂದು ವೈ ಇರುವ ಗಂಡಸರಿದ್ದಾರೆ, ಅದು ಕ್ಲೈನ್‌ಫೆಲ್ಟರ್ ಸಿಂಡ್ರೋಮ್. ಕ್ರೋಮೋಸೋಮ್ ಒಂದು ಥರ, ದೇಹರಚನೆ ಇನ್ನೊಂದು ಥರ ಇರುವವರೂ ಇದ್ದಾರೆ.

ಆಲೆಮನೆಯ ಸ್ಕ್ಯಾನಿಂಗ್‌ನಲ್ಲಿ ಕ್ರೋಮೋಸೋಮ್ ಕಾಣುವುದಿಲ್ಲ, ಭ್ರೂಣದ ಅಂಗರಚನೆ ಕಾಣುತ್ತದೆ. ಆದರೆ ಇವತ್ತು ತಾಯಿಯ ರಕ್ತದ ಮಾದರಿಯಲ್ಲಿ ತೇಲುವ ಭ್ರೂಣದ ಡಿಎನ್‌ಎ ತುಣುಕುಗಳಿಂದ, ಸುಮಾರು 10 ವಾರಗಳಿಗೇ, ಡೌನ್ ಸಿಂಡ್ರೋಮ್‌ನಂತಹ ಸ್ಥಿತಿಗಳ ಸಾಧ್ಯತೆಯನ್ನು ಹೇಳುವ ಪರೀಕ್ಷೆ ಬಂದಿದೆ. ಅದೇ ಮಾದರಿಯಿಂದ ವೈ ಇದೆಯೋ ಇಲ್ಲವೋ ಎಂಬುದೂ ತಿಳಿಯುತ್ತದೆ. 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ಪ್ರಕಾರ ಯಾವ ವಿಧಾನದಿಂದಲೇ ಆಗಲಿ ಲಿಂಗ ತಿಳಿಸುವುದು ಅಪರಾಧ. ಪರೀಕ್ಷೆ ಕೇಳಿಕೊಂಡು ಹೋದ ಗಂಡ, ಸಂಬಂಧಿಕರಿಗೂ ಶಿಕ್ಷೆ ಇದೆ. ಒತ್ತಾಯಕ್ಕೆ ಒಳಗಾದ ಮಹಿಳೆಯನ್ನು ಕಾನೂನು ಹೊರಗಿಟ್ಟಿದೆ.

ಪ್ರಬಲ, ದುರ್ಬಲ: ಅನುಮಾನದ ಗಂಡನಿಗೊಂದು ಪಾಠ

ತಂದೆಯದು 'ಎ' ರಕ್ತದ ಗುಂಪು, ತಾಯಿಯದು 'ಬಿ'. ಮಗುವಿನದು 'ಓ' ಬಂತು. ಇಂಥ ರಿಪೋರ್ಟ್ ಹಿಡಿದು ಮನೆಯಲ್ಲಿ ಅನುಮಾನದ ಜಗಳ ಎದ್ದ ಕತೆಗಳನ್ನು ನೀವೂ ಕೇಳಿರಬಹುದು. ಇದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ.

ಎಬಿಓ ಗುಂಪನ್ನು ನಿರ್ಧರಿಸುವ ಜೀನ್ 9ನೇ ಕ್ರೋಮೋಸೋಮ್‌ನಲ್ಲಿದೆ. ಎಲ್ಲರಲ್ಲೂ ಅದರ ಎರಡು ಪ್ರತಿ. 'ಎ' ಮತ್ತು 'ಬಿ' ಪ್ರಬಲ, 'ಓ' ದುರ್ಬಲ. ಪ್ರಬಲ ಅಂದರೆ ಒಂದು ಪ್ರತಿ ಇದ್ದರೂ ಹೊರಗೆ ಕಾಣುವುದು. ದುರ್ಬಲ ಅಂದರೆ ಎರಡೂ ಪ್ರತಿ ಅದೇ ಆದಾಗ ಮಾತ್ರ ಕಾಣುವುದು. 'ಎ' ಗುಂಪಿನ ತಂದೆಯ ಒಳಗೆ ಒಂದು 'ಓ' ಅಡಗಿರಬಹುದು, 'ಬಿ' ಗುಂಪಿನ ತಾಯಿಯ ಒಳಗೂ ಹಾಗೇ. ಇಬ್ಬರಿಂದಲೂ 'ಓ' ಬಂದರೆ ಮಗು 'ಓ'. ಇದರ ಸಾಧ್ಯತೆ ನಾಲ್ಕರಲ್ಲಿ ಒಂದು.

ಕೆಲವು ಕಾಯಿಲೆಗಳೂ ಹೀಗೇ ಬರುತ್ತವೆ. ಪ್ರಬಲ ಮಾದರಿಗೆ ನಮ್ಮ ರಾಜ್ಯದ ನೋವಿನ ಉದಾಹರಣೆ ಹಂದಿಗೋಡು ಕಾಯಿಲೆ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ, ಮೂಳೆ ಮತ್ತು ಕೀಲುಗಳನ್ನು ಹಾಳುಮಾಡುವ ಈ ಕಾಯಿಲೆ ಹೆಚ್ಚಾಗಿ ಕಾಡಿದ್ದು ದಲಿತ ಕುಟುಂಬಗಳನ್ನು. ಗದ್ದೆಯ ಏಡಿ, ಕೀಟನಾಶಕ ಕಾರಣ ಇರಬಹುದು ಎಂಬ ಶಂಕೆ ಮೊದಲು ಬಂದಿತ್ತು. ನಂತರದ ಅಧ್ಯಯನಗಳು ಇದು ಪ್ರಬಲ ಜೀನ್‌ನಿಂದ ವಂಶದಲ್ಲಿ ಹರಿಯುವ ಕಾಯಿಲೆ ಎಂದವು. ಇಂಥದ್ದರಲ್ಲಿ ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಬರುವ ಸಾಧ್ಯತೆ ಎರಡರಲ್ಲಿ ಒಂದು.

ದುರ್ಬಲ ಮಾದರಿಗೆ ಉದಾಹರಣೆ ಬೀಟಾ ಥಲಸ್ಸೀಮಿಯಾ ಮತ್ತು ಸಿಕಲ್ ಸೆಲ್. ಎರಡೂ 11ನೇ ಕ್ರೋಮೋಸೋಮ್‌ನಲ್ಲಿರುವ, ಹಿಮೋಗ್ಲೋಬಿನ್‌ಗೆ ಸಂಬಂಧಿಸಿದ ಒಂದೇ ಜೀನ್‌ನ ದೋಷಗಳು. ಸಿಕಲ್ ಸೆಲ್‌ನಲ್ಲಂತೂ ಬದಲಾಗಿರುವುದು ಒಂದೇ ಒಂದು ಅಕ್ಷರ. ದೋಷವಿರುವ ಒಂದೇ ಪ್ರತಿ ಹೊತ್ತವರು 'ವಾಹಕ'ರು. ಅವರಿಗೆ ಸಾಮಾನ್ಯವಾಗಿ ದೊಡ್ಡ ತೊಂದರೆಯೇ ಇರುವುದಿಲ್ಲ, ಹಾಗಾಗಿ ಗೊತ್ತೂ ಆಗುವುದಿಲ್ಲ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ. 25, ವಾಹಕವಾಗುವ ಸಾಧ್ಯತೆ ಶೇ. 50, ಎರಡೂ ಪ್ರತಿ ಸರಿಯಿರುವ ಸಾಧ್ಯತೆ ಶೇ. 25. ಥಲಸ್ಸೀಮಿಯಾ ತೀವ್ರವಾಗಿರುವ ಮಗುವಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು, ಅದೂ ವರ್ಷಗಟ್ಟಲೆ.

ಸೋದರಮಾವ, ಅತ್ತೆ ಮಗ ಮತ್ತು ಜಾತಿ

ಹಲಸೂರಿನ ತಮಿಳು, ತೆಲುಗು, ಕನ್ನಡ ಮನೆಗಳಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದು ಹಳೆಯ ರೂಢಿ. ಶಿವಾಜಿನಗರದ ಮುಸ್ಲಿಂ ಮನೆಗಳಲ್ಲಿ ಸೋದರಮಾವನ ಜೊತೆ ಮದುವೆ ನಿಷಿದ್ಧ, ಆದರೆ ಚಿಕ್ಕಪ್ಪ, ದೊಡ್ಡಪ್ಪ, ಅತ್ತೆ, ಮಾವನ ಮಕ್ಕಳ ನಡುವೆ ಆಗಬಹುದು. ಯಾವ ಧರ್ಮವೂ ಇನ್ನೊಂದರತ್ತ ಬೆರಳು ತೋರಿಸುವ ಹಾಗಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ದೇಶದಲ್ಲಿ ಶೇ. 11ರಷ್ಟು ಮದುವೆಗಳು ಸಂಬಂಧಿಕರ ನಡುವಿನವು. ಕರ್ನಾಟಕದಲ್ಲಿ ಇದು ಸುಮಾರು ಶೇ. 27. 1955ರ ಹಿಂದೂ ವಿವಾಹ ಕಾಯ್ದೆ ಸೋದರಮಾವ ಮತ್ತು ಅಕ್ಕನ ಮಗಳ ಮದುವೆಯನ್ನು ನಿಷೇಧಿಸಿದರೂ, ಸಮುದಾಯದಲ್ಲಿ ರೂಢಿ ಇದ್ದರೆ ವಿನಾಯಿತಿ ಕೊಟ್ಟಿದೆ.

ಇದರ ಜೀವವಿಜ್ಞಾನ ಏನು? ಸಂಬಂಧದ ಮದುವೆ ಹೊಸದಾಗಿ ಯಾವ ದೋಷವನ್ನೂ ಹುಟ್ಟುಹಾಕುವುದಿಲ್ಲ. ನಮ್ಮೆಲ್ಲರಲ್ಲೂ ಕೆಲವು ದುರ್ಬಲ ದೋಷಗಳು ಒಂದೊಂದೇ ಪ್ರತಿಯಾಗಿ ಅಡಗಿರುತ್ತವೆ. ಹೊರಗಿನವರನ್ನು ಮದುವೆಯಾದರೆ ಅವರಲ್ಲೂ ಅದೇ ದೋಷ ಇರುವ ಸಾಧ್ಯತೆ ಕಡಿಮೆ. ಆದರೆ ಸೋದರಮಾವ ಮತ್ತು ಅಕ್ಕನ ಮಗಳು ಸರಾಸರಿ ಜೀನ್‌ಗಳ ಕಾಲು ಭಾಗವನ್ನು ಹಂಚಿಕೊಂಡಿರುತ್ತಾರೆ. ಅತ್ತೆ ಮಾವನ ಮಕ್ಕಳು ಎಂಟನೇ ಒಂದು ಭಾಗ. ಹಾಗಾಗಿ ಒಂದೇ ಹಿರಿಯರಿಂದ ಬಂದ ದೋಷದ ಎರಡು ಪ್ರತಿಗಳು ಮಗುವಿನಲ್ಲಿ ಭೇಟಿಯಾಗುವ ಸಾಧ್ಯತೆ ಹೆಚ್ಚುತ್ತದೆ. ಸಂಬಂಧವಿಲ್ಲದ ದಂಪತಿಯ ಮಗುವಿಗೆ ಗಂಭೀರ ಜನ್ಮಜಾತ ತೊಂದರೆ ಬರುವ ಸಾಧ್ಯತೆ ಶೇ. 2ರಿಂದ 3 ಇದ್ದರೆ, ಅತ್ತೆ ಮಾವನ ಮಕ್ಕಳ ಮದುವೆಯಲ್ಲಿ ಅದು ಹೆಚ್ಚುಕಡಿಮೆ ದುಪ್ಪಟ್ಟು. ಸೋದರಮಾವನ ಮದುವೆಯಲ್ಲಿ ಇನ್ನೂ ಜಾಸ್ತಿ. ಇಂಥ ಮದುವೆಗಳಲ್ಲೂ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ, ನಿಜ. ಆದರೆ ಮನೆಯಲ್ಲಿ ಆಗಲೇ ಒಂದು ಕಾಯಿಲೆ ಕಂಡಿದ್ದರೆ ಈ ಲೆಕ್ಕವನ್ನು ಕಡೆಗಣಿಸುವುದು ಅಪಾಯ.

ಇಲ್ಲಿಗೇ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತೆ. 'ಸಂಬಂಧದಲ್ಲಿ ಬೇಡ, ನಮ್ಮವರಲ್ಲೇ ದೂರದವರನ್ನು ನೋಡೋಣ' ಎಂದರೂ ಲೆಕ್ಕ ಪೂರ್ತಿ ತಪ್ಪುವುದಿಲ್ಲ. ಹೈದರಾಬಾದ್‌ನ ಸಿಸಿಎಂಬಿ ಮತ್ತು ಹಾರ್ವರ್ಡ್ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ಈ ಉಪಖಂಡದ ಜನ ವ್ಯಾಪಕವಾಗಿ ಬೆರೆತರು. ಆಮೇಲೆ ಆ ಬೆರೆಯುವಿಕೆ ನಿಂತು, ಒಳಗೊಳಗೇ ಮದುವೆಯಾಗುವ ಗುಂಪುಗಳು ಗಟ್ಟಿಯಾದವು. 2017ರ ಇನ್ನೊಂದು ಅಧ್ಯಯನ 263 ದಕ್ಷಿಣ ಏಷ್ಯಾದ ಗುಂಪುಗಳನ್ನು ನೋಡಿತು. ಅವುಗಳಲ್ಲಿ 81 ಗುಂಪುಗಳು ಕೆಲವೇ ಪೂರ್ವಜರಿಂದ ಬೆಳೆದು ಬೇರೆಯಾಗಿ ಉಳಿದವು, ಅವುಗಳಲ್ಲಿ ಈ ಪರಿಣಾಮ ಫಿನ್‌ಲ್ಯಾಂಡ್ ಜನರಿಗಿಂತಲೂ ಹೆಚ್ಚು ತೀವ್ರ ಎಂದು ತೋರಿಸಿತು. ಆಂಧ್ರ, ತೆಲಂಗಾಣ, ಕರ್ನಾಟಕದಲ್ಲಿರುವ ವೈಶ್ಯ ಸಮುದಾಯ ಇದಕ್ಕೆ ಚೆನ್ನಾಗಿ ಅಧ್ಯಯನವಾದ ಉದಾಹರಣೆ. ಅರಿವಳಿಕೆ ಕೊಡುವಾಗ ಬಳಸುವ, ಸ್ನಾಯು ಸಡಿಲಿಸುವ ಒಂದು ಔಷಧವನ್ನು ದೇಹ ಬೇಗ ಕರಗಿಸಲಾರದ ಸ್ಥಿತಿ ಈ ಸಮುದಾಯದಲ್ಲಿ ಬೇರೆಯವರಿಗಿಂತ ಹೆಚ್ಚು. ಅದಕ್ಕೇ ಕೆಲವು ವೈದ್ಯರು ಆಪರೇಷನ್‌ಗೆ ಮುಂಚೆ ಸಮುದಾಯ ಕೇಳುತ್ತಾರೆ.

1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಂಡಿಸಿದ ಪ್ರಬಂಧದಲ್ಲಿ ಯುವ ಅಂಬೇಡ್ಕರ್, ಜಾತಿಯ ಮೂಲ ಲಕ್ಷಣವೇ ಒಳಬಾಂಧವ್ಯದ ಮದುವೆ ಎಂದು ವಾದಿಸಿದ್ದರು. ಡಿಎನ್‌ಎಯ ರಚನೆ ಗೊತ್ತಾಗಲು ಆಗ ಇನ್ನೂ 37 ವರ್ಷ ಬಾಕಿ ಇತ್ತು. ಆ ಬೇಲಿ ನಮ್ಮ ಕ್ರೋಮೋಸೋಮ್‌ಗಳಲ್ಲಿ ಉಳಿಸಿದ ಗುರುತನ್ನು ಇವತ್ತಿನ ಪ್ರಯೋಗಾಲಯಗಳು ಓದುತ್ತಿವೆ.

ಹಾಗಾದರೆ 'ನಮ್ಮ ಜೀನ್ ಶ್ರೇಷ್ಠ' ಅನ್ನೋದು ನಿಜಾನಾ?

2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕಂಪನಿಯೊಂದರ ಮುಖ್ಯಸ್ಥೆ ತಮ್ಮ ತೋಳ್ಬಲದ ಫೋಟೊ ಹಾಕಿ 'ಬ್ರಾಹ್ಮಣ ಜೀನ್‌ಗಳು' ಎಂದು ಬರೆದದ್ದು ದೊಡ್ಡ ವಿವಾದವಾಯಿತು. ಮೇಲಿನದನ್ನು ಓದಿ ಯಾರಾದರೂ 'ನೋಡಿ, ಜಾತಿಗೂ ಜೀನ್‌ಗೂ ಸಂಬಂಧ ಇದೆ ಅಂತ ನೀವೇ ಒಪ್ಪಿದ್ರಲ್ಲ' ಎನ್ನಬಹುದು.

ಸಂಬಂಧ ಇರುವುದು ನಿಜ, ಆದರೆ ಉಲ್ಟಾ ದಿಕ್ಕಿನಲ್ಲಿ. ಜೀನ್‌ಗಳು ಜಾತಿಯನ್ನು ಮಾಡಲಿಲ್ಲ. ಜಾತಿಯ ಬೇಲಿ ಕೆಲವು ಜೀನ್ ರೂಪಗಳನ್ನು ಕೆಲವು ಗುಂಪುಗಳಲ್ಲಿ ಕೂಡಿಹಾಕಿತು. ಹಾಗೆ ಕೂಡಿಬಿದ್ದವುಗಳಲ್ಲಿ ವಿಜ್ಞಾನಿಗಳು ಸ್ಪಷ್ಟವಾಗಿ ಗುರುತಿಸಿರುವುದು ಹೆಚ್ಚಾಗಿ ಕಾಯಿಲೆಗಳನ್ನೇ. ಒಟ್ಟು ಮನುಷ್ಯಕುಲವನ್ನು ತೆಗೆದುಕೊಂಡರೆ, ನಮ್ಮ ನಡುವಿನ ವ್ಯತ್ಯಾಸದಲ್ಲಿ ಸುಮಾರು ಶೇ. 85ರಷ್ಟು ಯಾವುದೇ ಒಂದು ಜನಸಮೂಹದ ಒಳಗೇ ಸಿಗುತ್ತದೆ ಎಂದು 1972ರಲ್ಲಿ ರಿಚರ್ಡ್ ಲೆವೊಂಟಿನ್ ತೋರಿಸಿದರು. ಎತ್ತರ, ಮಧುಮೇಹ, ಕಲಿಕೆ ಇವೆಲ್ಲದರ ಹಿಂದೆ ನೂರಾರು, ಸಾವಿರಾರು ಜೀನ್‌ಗಳ ಸಣ್ಣ ಸಣ್ಣ ಪಾಲು ಇದೆ. ಜೊತೆಗೆ ಬಸುರಿ ತಾಯಿಯ ಊಟ, ಮಗುವಿಗೆ ಸಿಕ್ಕ ಮೊಟ್ಟೆ, ಶಾಲೆ, ಕುಡಿಯುವ ನೀರು ಎಲ್ಲವೂ ಸೇರುತ್ತವೆ. 'ಮೆರಿಟ್ ಜೀನ್' ಎಂಬ ಒಂದು ಜೀನ್ ಇಲ್ಲ.

ನಾವೇನು ಮಾಡಬಹುದು?

ಮದುವೆಗೆ ಜಾತಕ ನೋಡುವ ಮನೆಗಳು ಒಂದು ರಕ್ತಪರೀಕ್ಷೆಯನ್ನೂ ನೋಡಬಹುದು. ಎಚ್‌ಬಿಎ2 ಪ್ರಮಾಣ ಅಳೆಯುವ ಪರೀಕ್ಷೆಯಿಂದ ಥಲಸ್ಸೀಮಿಯಾ ವಾಹಕರನ್ನು ಗುರುತಿಸಬಹುದು. ಸಾಮಾನ್ಯವಾಗಿ ಇದು ಶೇ. 3.5ಕ್ಕಿಂತ ಹೆಚ್ಚಿದ್ದರೆ ವೈದ್ಯರು ಮುಂದಿನ ತಪಾಸಣೆ ಹೇಳುತ್ತಾರೆ. ಇಬ್ಬರೂ ವಾಹಕರಾದರೆ ಮದುವೆ ಮುರಿಯಲೇಬೇಕು ಎಂದೇನಿಲ್ಲ. ಬಸಿರಿನ ಆರಂಭದಲ್ಲೇ ಪರೀಕ್ಷೆ ಮಾಡಿಸುವ ದಾರಿ ಇದೆ. ವಾಹಕ ಎಂಬುದು ಕಳಂಕವೂ ಅಲ್ಲ. ಅದನ್ನು ಹೆಣ್ಣಿನ ಕಡೆಯವರ ರಿಪೋರ್ಟ್‌ನಲ್ಲಿ ಮಾತ್ರ ಹುಡುಕುವುದು ಮತ್ತೆ ಅದೇ ಹಳೆಯ ಅನ್ಯಾಯ.

ಉಳಿದದ್ದು ಸರ್ಕಾರದ ಹೊಣೆ. ಚಾಮರಾಜನಗರ, ಮೈಸೂರು, ಕೊಡಗಿನ ಆದಿವಾಸಿ ಸಮುದಾಯಗಳಲ್ಲಿರುವ ಸಿಕಲ್ ಸೆಲ್‌ಗೆ 2023ರ ಜುಲೈನಲ್ಲಿ ರಾಷ್ಟ್ರೀಯ ಅಭಿಯಾನ ಶುರುವಾಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೀಮಿಯಾ, ಹಿಮೋಫೀಲಿಯಾ, ಸಿಕಲ್ ಸೆಲ್ ಮೂರೂ ಇವೆ. ಅಪರೂಪದ ಕಾಯಿಲೆಗಳ 2021ರ ರಾಷ್ಟ್ರೀಯ ನೀತಿಯಡಿ ರೋಗಿಗೆ 50 ಲಕ್ಷ ರೂ.ವರೆಗೆ ನೆರವು ಸಿಗಬಹುದು. ಆದರೆ ಎಸ್‌ಎಂಎ ಎಂಬ ಸ್ನಾಯು ಕಾಯಿಲೆಯ ಜೀನ್ ಚಿಕಿತ್ಸೆಯ ಬೆಲೆ ಸುಮಾರು 16 ಕೋಟಿ ರೂ. ನಡುವಿನ ಅಂತರ ತುಂಬಲು ತಂದೆ ತಾಯಿ ಫೋನ್‌ನಲ್ಲಿ ಕ್ಯೂಆರ್ ಕೋಡ್ ಹಂಚುತ್ತಾ ಜನರ ಮುಂದೆ ಕೈಚಾಚಬೇಕಾಗಿದೆ.

ಬೆಂಗಳೂರು ಈ ವಿಜ್ಞಾನದಲ್ಲಿ ಹಿಂದೆ ಬಿದ್ದ ಊರಲ್ಲ. 1980ರ ದಶಕದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಕರ್ನಾಟಕದ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಆನುವಂಶಿಕ ಕಾಯಿಲೆಗಳಿಗಾಗಿ ಪರೀಕ್ಷಿಸಿದ್ದರು. 10,000 ಭಾರತೀಯರ ಜೀನೋಮ್ ಓದಿದ ಜೀನೋಮ್ ಇಂಡಿಯಾ ಯೋಜನೆಯ ಸಮನ್ವಯ ನಡೆದದ್ದೂ ಆ ಕ್ಯಾಂಪಸ್‌ನಲ್ಲಿರುವ ಮಿದುಳು ಸಂಶೋಧನಾ ಕೇಂದ್ರದಿಂದ. ಹಾಗಿದ್ದೂ ಆ ಕ್ಯಾಂಪಸ್‌ನಿಂದ ಹೆಚ್ಚು ದೂರವಿಲ್ಲದ ಬೈಯಪ್ಪನಹಳ್ಳಿಯಲ್ಲಿ ಆ ಜಾಲ ಸಿಕ್ಕಿಬಿತ್ತು.

ಮುಂದಿನ ಸಲ ಹೆರಿಗೆ ವಾರ್ಡಿನ ಹೊರಗೆ ಯಾರಾದರೂ 'ಮತ್ತೆ ಹೆಣ್ಣಾ?' ಅಂತ ಮುಖ ಸಿಂಡರಿಸಿದರೆ, ಎಕ್ಸ್ ಮತ್ತು ವೈ ಲೆಕ್ಕವನ್ನು ಅಲ್ಲೇ ನಿಂತು ಹೇಳಿ. ಎರಡು ನಿಮಿಷ ಸಾಕು. ಒಳಗೆ ಮಲಗಿರುವ ಆ ತಾಯಿಗೂ ಅದು ಕೇಳಿಸಲಿ.